ಎರಡು ಪೂರ್ತಿ ಸುತ್ತು

"ಮುಟ್ಬೇಡಿ!" ಎಂದೆ. ಇನ್‌ಸ್ಪೆಕ್ಟರು ಚಾಚಿದ್ದ ಬೆರಳನ್ನು ಥಟ್ಟನೆ ಹಿಂದಕ್ಕೆಳೆದುಕೊಂಡರು.

"ನಾನೇನು ಮುರಿದು ಹಾಕ್ತೀನಾ ಅಮ್ಮಾ ಅದನ್ನ?"

"ಮುರಿಯಲ್ಲ, ಒರೆಸಿಬಿಡ್ತೀರ. ಈ ಕ್ಲಿಪ್ಪಿನ ಮೇಲೆ ಕೂತಿದೆಯಲ್ಲ ಬಿಳೀ ಪುಡಿ, ಅದೇ ನನ್ನ ಸಾಕ್ಷಿ. ಕೈ ತಾಗಿದ್ರೆ ಉದುರಿ ಹೋಗತ್ತೆ. ಟಾರ್ಚ್ ಹಿಡ್ಕೊಳಿ, ಅಷ್ಟು ಸಾಕು."

ಹಿಡಿದರು. ನಮ್ಮ ವರ್ಕ್‌ಶಾಪಿನೊಳಗೆ ಕಾಲಿಟ್ಟ ಮೇಲೆ ಪೊಲೀಸಿನವರೂ ಹೇಳಿದ ಮಾತು ಕೇಳಬೇಕು. ಅದು ಅಪ್ಪನ ಕಾಲದಿಂದ ಬಂದ ಪದ್ಧತಿ.

ಬೆಳಿಗ್ಗೆ ಏಳು ಗಂಟೆ. ನಮ್ಮಿಬ್ಬರ ನಡುವೆ, ಜ್ಯಾಕಿನ ಮೇಲೆ, ನನ್ನ ತಮ್ಮನನ್ನು ತಿಂದ ಕಾರು ನಿಂತಿತ್ತು. ನಾನು ಕಾಡಿ ಬೇಡಿದ್ದಕ್ಕೆ ಇನ್‌ಸ್ಪೆಕ್ಟರು ಹಿಂದಿನ ರಾತ್ರಿ ಠಾಣೆಯಿಂದ ತರಿಸಿದ್ದರು. ಮೂವತ್ನಾಲ್ಕು ವರ್ಷದ ಹಳೇ ಗಾಡಿ. ಎರಡೇ ಸೀಟು, ಎಂಜಿನ್ನು ಸೀಟುಗಳ ಬೆನ್ನ ಹಿಂದೆ, ಇಳಿಸಿ ನಿಲ್ಲಿಸಿದರೆ ನನ್ನ ಎದೆಗೂ ಬರದಷ್ಟು ಕುಳ್ಳು. ನಲವತ್ತು ದಿನದ ಹಿಂದೆ ಗುಡ್ಡದ ರೇಸಿನ ಮೂರನೇ ತಿರುವಿನಲ್ಲಿ ಗೋಡೆಗೆ ಹೊಡೆಯಿತು. ಓಡಿಸಬೇಕಾಗಿದ್ದವರು ಗಾಡಿಯ ಮಾಲೀಕರು. ಭುಜ ಹಿಡಿದುಕೊಂಡಿದೆ ಎಂದು ಕೊನೇ ಗಳಿಗೆಯಲ್ಲಿ ತಮ್ಮನನ್ನು ಕೂರಿಸಿದ್ದರು. ಅಪ್ಪ ಪೊಲೀಸರಿಗೆ ಬರೆದುಕೊಟ್ಟದ್ದು ಒಂದೇ ಸಾಲು: 'ಹೋಸಿನ ಕ್ಲಿಪ್ಪು ಬಿಗಿ ಮಾಡುವುದು ಮರೆತೆ, ನನ್ನ ಮಗ ಸತ್ತದ್ದು ನನ್ನಿಂದ.'

ಮರೆತನಂತೆ! ಅಪ್ಪ ತಾನು ಹುಟ್ಟಿದ ದಿನ ಮರೆಯುತ್ತಾನೆ, ಕನ್ನಡಕ ಎಲ್ಲಿಟ್ಟೆ ಎನ್ನುವುದನ್ನು ಮರೆಯುತ್ತಾನೆ. ಕ್ಲಿಪ್ಪು ಮರೆಯುವ ಆಸಾಮಿಯಲ್ಲ.

ಸೋಮವಾರ ಆ ಕಾಗದ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಅದಕ್ಕೂ ಮೊದಲು, ಇವತ್ತು ಹತ್ತು ಗಂಟೆಗೆ, ಮಾಲೀಕರು ಬಂದು ಗಾಡಿ ಬಿಡಿಸಿಕೊಂಡು ನೇರವಾಗಿ ಗುಜರಿಗೆ ಒಯ್ಯುತ್ತಾರೆ. ಸಂಜೆಯೊಳಗೆ ಇದು ತಗಡಿನ ಉಂಡೆ. ಆಮೇಲೆ ಅಪ್ಪ ಜೈಲಿಗೆ, ಕೊಂದವನು ಮನೆಗೆ.

ನನಗಿದ್ದದ್ದು ಮೂರು ಗಂಟೆ. ಸಾಕು. ಕೊಂದ ಕೈ ಯಾವುದೆಂದು ಒಮ್ಮೆ ತಿಳಿಯಲಿ, ಆ ಕೈಯನ್ನು ಏನು ಮಾಡಬೇಕೆಂದು ನಲವತ್ತು ದಿನದಿಂದ ಯೋಚಿಸಿಟ್ಟಿದ್ದೇನೆ.

"ಮೊದ್ಲಿಂದ ಹೇಳಮ್ಮ," ಎಂದರು ಇನ್‌ಸ್ಪೆಕ್ಟರು. "ನನಗೆ ಗಾಡಿ ಓಡಿಸೋಕೆ ಬರತ್ತೆ, ಅದರ ಹೊಟ್ಟೇಲಿ ಏನಿದೆ ಅಂತ ಗೊತ್ತಿಲ್ಲ."

"ಎಂಜಿನ್ನು ಹಿಂದೆ, ಅದರ ನೀರು ತಣ್ಣಗೆ ಮಾಡೋ ರೇಡಿಯೇಟರ್ ಮುಂದೆ, ಮೂತೀಲಿ. ಒಲೆ ಒಂದು ಬೀದೀಲಿ, ಬಾವಿ ಇನ್ನೊಂದು ಬೀದೀಲಿ ಇದ್ದ ಹಾಗೆ. ಸೀಟುಗಳ ನಡುವೆ ಎರಡು ಕೊಳವೆ ಹೋಗತ್ತೆ, ಒಂದರಲ್ಲಿ ಕುದಿಯೋ ನೀರು ಮುಂದಕ್ಕೆ, ಇನ್ನೊಂದರಲ್ಲಿ ತಣ್ಣಗಾದ ನೀರು ಹಿಂದಕ್ಕೆ. ಬಿಸಿನೀರಿನ ಕೊಳವೆಯನ್ನ ಎಂಜಿನ್ನಿಗೆ ಸೇರಿಸೋದು ಗೇಣುದ್ದದ ಈ ರಬ್ಬರ್ ಹೋಸು, ಅದನ್ನ ಬಿಗಿ ಹಿಡಿಯೋದು ಈ ಕ್ಲಿಪ್ಪು. ಇರೋ ಜಾಗ ನೋಡಿ."

ಅವರು ಬಗ್ಗಿ ನೋಡಿದರು. "ಹಿಂದಿನ ಚಕ್ರದ ಮುಂದೇನೇ."

"ಪೂರ್ತಿ ವೇಗದಲ್ಲಿದ್ದಾಗ ಇದು ಕಳಚ್ಕೊಂಡು ಬಂತು. ಕುದಿಯೋ ನೀರೆಲ್ಲ ತನ್ನದೇ ಟೈರಿನ ಮೇಲೆ ಬಿತ್ತು. ಸೋಪಿನ ಮೇಲೆ ಕಾಲಿಟ್ಟ ಹಾಗಾಯ್ತು. ಅಷ್ಟೇ."

ಅಷ್ಟೇ ಎಂದೆ. ಅಳುವುದಕ್ಕೆ ಬೇಕಾದಷ್ಟು ದಿನಗಳಿವೆ, ಇವತ್ತು ಅದಕ್ಕೆ ಪುರುಸೊತ್ತಿರಲಿಲ್ಲ.

"ನಮ್ಮ ಪರಿಣತರು ಹೇಳಿದ್ದೂ ಅದೇ ಅಲ್ವಾ?" ಎಂದರು ಅವರು. "ಹೋಸು ಕಳಚ್ಕೊಂಡಿದೆ, ಕ್ಲಿಪ್ಪು ಸಡಿಲ ಇದೆ. ಮೇಲಾಗಿ ಈ ಕೆಂಪು ಗೆರೆ."

ಕೆಂಪು ಗೆರೆ ಅಪ್ಪನ ಕಟ್ಟಳೆ. ಯಾವ ಕ್ಲಿಪ್ಪನ್ನೇ ಬಿಗಿ ಮಾಡಲಿ, ಮಾಡಿ ಮುಗಿಸಿದ ಮೇಲೆ ಸ್ಕ್ರೂವಿನ ತಲೆಯಿಂದ ಕ್ಲಿಪ್ಪಿನ ಮೈಮೇಲಕ್ಕೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಸ್ಕ್ರೂ ತಿರುಗಿದರೆ ಗೆರೆ ತುಂಡಾಗುತ್ತದೆ. ಇಲ್ಲಿ ಗೆರೆ ಕೂಡಿಕೊಂಡೇ ಇತ್ತು, ಕ್ಲಿಪ್ಪು ಮಾತ್ರ ಸಡಿಲ. ಮುದುಕ ಬಿಗಿ ಮಾಡದೆಯೇ ಬಣ್ಣ ಬಳಿದಿದ್ದಾನೆ ಎಂದು ಪರಿಣತರು ಬರೆದುಬಿಟ್ಟರು.

"ನಿಮ್ಮ ಪರಿಣತರ ತಲೆ!" ಎಂದೆ. "ಹೋಸಿನ ಒಳಗೆ ಟಾರ್ಚ್ ಬಿಡಿ. ರಬ್ಬರ್ ಉದ್ದಕ್ಕೂ ಕೆತ್ತಿ ಹೋಗಿದೆಯಾ? ಸಡಿಲ ಇದ್ದಿದ್ರೆ ಕಾಲುಚೀಲ ಜಾರಿದ ಹಾಗೆ ಸುಮ್ನೆ ಜಾರ್ತಿತ್ತು. ಇದು ಬಿಗಿಯಾಗಿ ಕಚ್ಕೊಂಡಿತ್ತು, ಒಳಗಿಂದ ಏನೋ ಒದ್ದು ಕಿತ್ತಿದೆ. ಈಗ ಸ್ಕ್ರೂ ತಲೆ ನೋಡಿ. ಬಿಳೀ ಪುಡಿ ಅಂದ್ರೆ ಎಂಜಿನ್ ನೀರಿಗೆ ಬೆರೆಸೋ ಕೂಲೆಂಟ್ ಚೆಲ್ಲಿ ಒಣಗಿದ್ದು. ಅದು ಹೀಗೆ ಒಣಗಿ ಕೂರೋಕೆ ಒಂದಿಡೀ ದಿನ ಬೇಕು. ಆ ಪುಡಿ ಮಧ್ಯೆ ಫಳಫಳ ಅಂತ ಏನಿದೆ?"

"ಗೀರು."

"ಸ್ಕ್ರೂಡ್ರೈವರ್ ಗೀರು. ಭಾನುವಾರ ನನ್ನ ತಮ್ಮ ಸತ್ತ. ನೀರು ಒಣಗಿದ ಮೇಲೆ, ಅಂದ್ರೆ ಸೋಮವಾರವೋ ಮಂಗಳವಾರವೋ, ಯಾರೋ ಬಂದು ಬಿಗಿ ಇದ್ದ ಕ್ಲಿಪ್ಪನ್ನ ಸಡಿಲ ಮಾಡಿದಾರೆ. ತಪ್ಪು ನಮ್ಮಪ್ಪನ ತಲೆಗೆ ಕಟ್ಟೋಕೆ."

ಇನ್‌ಸ್ಪೆಕ್ಟರು ಟೊಣಪರು, ಆದರೆ ದಡ್ಡರಲ್ಲ. "ಹಾಗಾದ್ರೆ ಗೆರೆ ತುಂಡಾಗಬೇಕಿತ್ತಲ್ಲ?"

"ಅಲ್ಲೇ ಅವನು ಸಿಕ್ಕಿಬಿದ್ದದ್ದು." ನಾನು ಕ್ಲಿಪ್ಪಿನ ಪಟ್ಟಿ ತೋರಿಸಿದೆ. ಸ್ಕ್ರೂ ಒಂದು ಸುತ್ತು ತಿರುಗಿದರೆ ಪಟ್ಟಿ ಒಂದು ಹಲ್ಲು ಸರಿಯುತ್ತದೆ. ಹಳೆಯ ಹಿಡಿತದ ಗುರುತು ಸರಿಯಾಗಿ ಎರಡು ಹಲ್ಲು ಆಚೆಗಿತ್ತು. "ಎರಡು ಪೂರ್ತಿ ಸುತ್ತು. ಒಂದೂಮುಕ್ಕಾಲಲ್ಲ, ಎರಡೂಕಾಲಲ್ಲ. ಪೂರ್ತಿ ಸುತ್ತಾದ್ರೆ ಗೆರೆ ಮತ್ತೆ ಬಂದು ಕೂಡ್ಕೊಳತ್ತೆ. 'ಬಿಚ್ಚುವಾಗ್ಲೂ ಪೂರ್ತಿ ಸುತ್ತು ಎಣಿಸ್ಕೊಂಡು ಬಿಚ್ಚು, ಎಷ್ಟು ಬಿಚ್ಚಿದ್ದೀಯ ಅಂತ ಗೊತ್ತಿದ್ರೆ ಅಷ್ಟೇ ಬಿಗೀಬಹುದು.' ಇದು ನಮ್ಮಪ್ಪನ ಪಾಠ. ಬೇರೆ ಯಾವ ಗ್ಯಾರೇಜಲ್ಲೂ ಸಡಿಲ ಮಾಡುವಾಗ ಯಾವನೂ ಸುತ್ತು ಎಣಿಸಲ್ಲ. ಹೀಗೆ ಎಣಿಸೋ ಕೈಗಳು ನಾಲ್ಕೇ ಜನರದ್ದು."

"ಯಾರ್ಯಾರು?"

"ಅಪ್ಪ. ನಾನು. ಸತ್ತ ನನ್ನ ತಮ್ಮ." ನಾಲ್ಕನೇ ಬೆರಳು ಮಡಚಿದೆ. "ಇಕ್ಕಳ."

ಇಕ್ಕಳ ಎಂದರೆ ಹಿಡಿದದ್ದನ್ನು ಬಿಡದವನೆಂದು ಅಪ್ಪನೇ ಇಟ್ಟ ಹೆಸರು. ಹತ್ತು ವರ್ಷ ನಮ್ಮಲ್ಲಿ ಕೆಲಸ ಕಲಿತು, ನಮ್ಮ ಮನೆಯಲ್ಲೇ ಉಂಡು, ನನ್ನನ್ನು ಅಕ್ಕಾ ಎಂದೂ ಅಪ್ಪನನ್ನು ಮೇಸ್ತ್ರಿಗಳೇ ಎಂದೂ ಕರೆದು, ಆಮೇಲೆ ಮಾಲೀಕರ ಕಾರುಗಳನ್ನು ನೋಡಿಕೊಳ್ಳಲು ಹೋದವನು. ಈ ವರ್ಷ ಈ ಗಾಡಿಯನ್ನು ಮಾತ್ರ ಮಾಲೀಕರು ಅವನ ಕೈಯಿಂದ ತೆಗೆದು ಅಪ್ಪನ ಕೈಗೆ ಕೊಟ್ಟಿದ್ದರು. ಅವನ ಹೊಟ್ಟೆಯುರಿಗೆ ಅಷ್ಟು ಸಾಲದೇ?

"ಇದು ಕೇಸು ಮುಚ್ಚಿಹಾಕಿದವನ ಕಥೆ," ಎಂದರು ಇನ್‌ಸ್ಪೆಕ್ಟರು. "ಬಿಗಿ ಇದ್ದ ಹೋಸನ್ನ ಕಿತ್ತವನ ಕಥೆ ಹೇಳಲಿಲ್ಲ ನೀನು. ಒಳಗಿಂದ ಒದ್ದಿದ್ದೇನು?"

ಅದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ. ಒಂದೊಂದೇ ನೋಡುತ್ತ ಹೋದೆ. ವಾಟರ್ ಪಂಪಿನ ಕೆಳಗೆ ತೊಟ್ಟಿಕ್ಕಿದ ಗುರುತಿಲ್ಲ. ಬೇರೆ ಹೋಸುಗಳನ್ನು ಹಿಸುಕಿದೆ. ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ, ಅಪ್ಪ ಎರಡು ತಿಂಗಳ ಹಿಂದೆ ಹಾಕಿದ ಹೊಸವು. ನೀರು ಕಾದಾಗ ಬಾಯಿ ಬಿಡುವ ಥರ್ಮೋಸ್ಟಾಟನ್ನು ಬಿಚ್ಚಿ ಪಾತ್ರೆಯ ಬಿಸಿನೀರಿನಲ್ಲಿ ಬಿಟ್ಟೆ. ಬಾಯಿ ತೆರೆಯಬೇಕಾದ ಹೊತ್ತಿಗೆ ಸರಿಯಾಗಿ ತೆರೆಯಿತು. ರೇಡಿಯೇಟರಿನ ಸಂದುಗಳಲ್ಲಿ ಒಂದು ಹುಲ್ಲುಕಡ್ಡಿ ಕೂಡ ಇರಲಿಲ್ಲ. ಅಪ್ಪನ ಕೆಲಸದಲ್ಲಿ ಕೂದಲಷ್ಟು ಕುಂದಿಲ್ಲವೆಂದು ನೋಡುತ್ತಾ ಹೋದ ಹಾಗೆ ನನ್ನ ಸಿಟ್ಟು ಹೆಚ್ಚುತ್ತಾ ಹೋಯಿತು.

ಉಳಿದದ್ದು ಹಿಂದಿನ ಮುಚ್ಚಳದ ಕೆಳಗಿನ ನೀರಿನ ಟ್ಯಾಂಕು. ಗೋಡೆಗೆ ಹೊಡೆದಾಗ ಆ ಮುಚ್ಚಳ ನುಗ್ಗಾಗಿ ಕಚ್ಚಿಕೊಂಡಿತ್ತು. ಅವತ್ತಿನಿಂದ ಯಾರಿಂದಲೂ ತೆರೆಯಲಾಗಿರಲಿಲ್ಲ. ಹಾರೆ ಹಾಕಿ ಮೀಟಿದೆ. ಟ್ಯಾಂಕಿನ ಮೇಲೆ ಕ್ಯಾಪು ಹಾಗೇ ಇತ್ತು.

"ಕುಕ್ಕರಿಗೆ ವಿಷಲ್ ಇದ್ದ ಹಾಗೆ ಇದಕ್ಕೆ ಕ್ಯಾಪು," ಎಂದೆ. "ಒತ್ತಡದ ಮುಳ್ಳು ಒಂದಕ್ಕೆ ಬಂದ ಕೂಡ್ಲೇ ಸ್ಪ್ರಿಂಗ್ ಎದ್ದು ಹೊರಗೆ ಬಿಡಬೇಕು."

ಕ್ಯಾಪನ್ನು ಕೈಪಂಪಿಗೆ ತೊಡಿಸಿ ಒತ್ತತೊಡಗಿದೆ. ಮುಳ್ಳು ಒಂದಕ್ಕೆ ಬಂತು. ಕ್ಯಾಪು ಬಿಡಲಿಲ್ಲ. ಒಂದೂವರೆ. ಬಿಡಲಿಲ್ಲ. ಎರಡು. ಎರಡರ ಆಚೆಗೆ ನನ್ನ ಪಂಪಿನಲ್ಲಿ ಅಂಕಿಯೇ ಇಲ್ಲ.

ಚಾಕು ಹಾಕಿ ಕ್ಯಾಪಿನ ಒಳಗನ್ನು ಎಬ್ಬಿಸಿದೆ. ಸ್ಪ್ರಿಂಗಿನ ಹಿಂದೆ ದಪ್ಪನೆಯ ವಾಷರ್ ಒಂದು ಕೂತಿತ್ತು. ಸುಮ್ಮನೆ ತುರುಕಿದ್ದಲ್ಲ, ಅಂಚನ್ನು ಅರದಿಂದ ಉಜ್ಜಿ, ಅಳತೆಗೆ ತಂದು ಕೂರಿಸಿದ್ದು. ಹೊರಗಿನಿಂದ ನೋಡಿದರೆ ಯಾವ ಮೇಸ್ತ್ರಿಗೂ ತಿಳಿಯದು. ಕುಕ್ಕರಿನ ವಿಷಲ್ಲಿಗೆ ಬಟ್ಟೆ ಗಿಡಿದು ಒಲೆಯ ಮೇಲಿಟ್ಟು, ಎದುರಿಗೆ ನನ್ನ ತಮ್ಮನನ್ನು ಕೂರಿಸಿದ್ದರು.

ಆ ಕ್ಷಣ ಇಕ್ಕಳ ಎದುರಿಗಿದ್ದಿದ್ದರೆ ಇದೇ ಹಾರೆಯಲ್ಲಿ ಮುಗಿಸಿಬಿಡುತ್ತಿದ್ದೆ, ಸುಳ್ಳೇಕೆ ಹೇಳಲಿ.

ಇನ್‌ಸ್ಪೆಕ್ಟರು ಕ್ಯಾಪನ್ನು ಕವರಿನಲ್ಲಿ ಹಾಕಿ ಮುದ್ರೆ ಹಚ್ಚಿದರು. "ಇದು ಕೊಲೆ ಅನ್ನೋಕೆ ಸಾಕು. ಇವನೇ ಮಾಡಿದ ಅನ್ನೋಕೆ ಸಾಲದು. ನಾಳೆ ವಕೀಲನೊಬ್ಬ ಎದ್ದು ನಿಂತು, ವಾಷರ್ ಹಾಕಿದ್ದು ನಿಮ್ಮಪ್ಪಾನೇ ಯಾಕಾಗಿರಬಾರದು ಅಂತಾನೆ. ಏನು ಹೇಳ್ತೀಯ?"

"ಹತ್ತು ಗಂಟೆಗೆ ಅವನೂ ಬರ್ತಾನಲ್ಲ. ಕ್ಯಾಪಿನ ಸುದ್ದಿ ಗೊತ್ತಿರೋದು ನಿಮಗೂ ನನಗೂ ಮಾತ್ರ. ಮೂರನೆಯವನ ಬಾಯಿಂದ ಬಂದ್ರೆ?"

"ಕೈ ಮಾಡಬಾರ್ದು ನೋಡು."

"ಕೈ ಯಾಕೆ? ಬಿಸಿನೀರಿದೆಯಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಬೇಡ ಎನ್ನಲಿಲ್ಲ.

*

ಹತ್ತರೊಳಗೆ ಗಾಡಿಗೆ ಹೊಸ ನೀರು ತುಂಬಿದೆ. ಹೊಸ ಹೋಸು, ಹೊಸ ಕ್ಲಿಪ್ಪು. ಹಳೇ ಗಾಡಿಗೆ ನೀರು ಸುರಿದರೆ ಸಾಲದು, ಗಾಳಿ ಬಿಡಿಸಬೇಕು. ಹೀಟರಿನ ಕೊಳಾಯಿ ತೆರೆದು, ಮೂತಿಯ ಮೇಲಿನ ಪುಟ್ಟ ಸ್ಕ್ರೂ ಸಡಿಲಿಸಿ, ಗುಳುಗುಳು ನಿಂತು ನೀರು ದಾರದಂತೆ ಒಂದೇ ಎಳೆಯಾಗಿ ಬರುವ ತನಕ ಕಾದೆ. ಟ್ಯಾಂಕಿಗೆ ಅದೇ ಥರದ ಒಳ್ಳೆಯ ಕ್ಯಾಪು ಹಾಕಿ, ಮೇಲೆ ಗ್ರೀಸು ಧೂಳು ಮೆತ್ತಿ ಹಳೆಯದರ ಹಾಗೆ ಮಾಡಿದೆ. ಕೊನೆಗೆ ರೇಡಿಯೇಟರಿಗೆ ಗಾಳಿ ಬೀಸುವ ಫ್ಯಾನಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡೆ.

ಹತ್ತಕ್ಕೆ ಸರಿಯಾಗಿ ಮಾಲೀಕರು ಬಂದರು. ಬಿಸಿಲಿರಲಿ ಚಳಿಯಿರಲಿ ಮೈಮೇಲೊಂದು ಕೋಟು ಇದ್ದೇ ಇರುತ್ತದೆ, ಬೆನ್ನ ಹಿಂದೆ ಎಲ್ಲರೂ ಕೋಟು ಸಾಹೇಬರು ಎಂದೇ ಕರೆಯುವುದು. ಅವರ ಹಿಂದೆ ಇಕ್ಕಳ, ತಲೆ ತಗ್ಗಿಸಿಕೊಂಡು.

"ನೋಡಮ್ಮ, ಆದದ್ದು ಆಗ್ಹೋಯ್ತು," ಎಂದರು ಸಾಹೇಬರು. "ಈ ಅಪಶಕುನ ಕಣ್ಣೆದುರಿಗಿದ್ದಷ್ಟೂ ಎಲ್ಲರಿಗೂ ನೋವು. ಸಹಿ ಮಾಡಿಸಿ, ಒಯ್ತೀನಿ."

"ಒಯ್ಯಿರಿ ಸಾಹೇಬ್ರೇ. ಒಂದು ಸಲ ಸ್ಟಾರ್ಟ್ ಮಾಡಿ ತೋರಿಸೋದು ಬಾಕಿ ಇದೆ. ನಿಮ್ಮ ಕಡೆಯವರೊಬ್ಬರು ಪಕ್ಕದಲ್ಲಿ ಕೂತು ಮುಳ್ಳು ಓದಿ ಹೇಳಬೇಕು."

"ದಾಖಲೆಗೆ ಬೇಕು," ಎಂದರು ಇನ್‌ಸ್ಪೆಕ್ಟರು ಗಂಭೀರವಾಗಿ. ಸಾಹೇಬರು ಇಕ್ಕಳನ ಕಡೆಗೆ ಗಲ್ಲ ಎತ್ತಿದರು.

ಡ್ರೈವರಿನ ಬದಿಯ ಬಾಗಿಲು ಒಳಕ್ಕೆ ನುಗ್ಗಿತ್ತು, ತಂತಿಯಲ್ಲಿ ಕಟ್ಟಿದ್ದೆವು. ಇನ್ನೊಂದು ಬದಿಯಿಂದ ತೆವಳಿ ಆ ಸೀಟಿಗೆ ಹೋದೆ. ತಮ್ಮ ಕಾಲು ಚಾಚಲೆಂದು ಹಿಂದಕ್ಕೆ ಸರಿಸಿಕೊಂಡಿದ್ದ; ಪೆಡಲು ನನಗೆ ತುದಿಬೆರಳಿಗೆ ಮಾತ್ರ ಸಿಕ್ಕಿತು. ಸರಿಮಾಡಿಕೊಳ್ಳಲು ಮನಸ್ಸು ಬರಲಿಲ್ಲ.

ಇಕ್ಕಳ ಪಕ್ಕದಲ್ಲಿ ಕೂತ. "ಬೆಲ್ಟ್ ಹಾಕೋ," ಎಂದೆ.

"ಗಾಡಿ ಎಲ್ಲಿಗೂ ಹೋಗಲ್ವಲ್ಲಕ್ಕಾ?"

"ಹಾಕೋ."

ಹಾಕಿಕೊಂಡ. ಕೀಲಿ ತಿರುಗಿಸಿದೆ. ಎಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಇಬ್ಬರ ನಡುವಿನ ಕೊಳವೆಗಳು ಮೆಲ್ಲಗೆ ಬೆಚ್ಚಗಾದವು. ಅವನ ಮೊಣಕಾಲ ಮುಂದೆ, ಡ್ಯಾಷ್‌ಬೋರ್ಡಿನ ಕೆಳಗೆ, ಹೀಟರಿನ ಪೆಟ್ಟಿಗೆ; ಅದರೊಳಗೂ ಅದೇ ನೀರು.

"ಎಷ್ಟಿದೆ?"

"ಎಪ್ಪತ್ತು."

"ಬದಲಾಯಿಸಿದ್ದು ಹೋಸು, ಕ್ಲಿಪ್ಪು ಎರಡೇ ಕಣೋ. ಮಿಕ್ಕಿದ್ದೆಲ್ಲ ಅವತ್ತು ಹೇಗಿತ್ತೋ ಹಾಗೇ ಇದೆ."

ಅವನು ಮುಳ್ಳಿನ ಮೇಲೆ ಕಣ್ಣಿಟ್ಟ.

"ನೆನಪಿದೆಯಾ, ನಿನಗೆ ಕೈ ಸುಟ್ಟಾಗ ನಮ್ಮ ತಮ್ಮ ಹದಿನೈದು ದಿನ ತುತ್ತು ಕಲಸಿ ತಿನ್ನಿಸಿದ್ದ. ಎಷ್ಟಿದೆ?"

"ತೊಂಬತ್ತು. ಅಕ್ಕಾ, ಫ್ಯಾನ್ ತಿರುಗ್ತಾ ಇಲ್ಲ."

"ತಿರುಗತ್ತೆ." ಆಕ್ಸಿಲರೇಟರ್ ಒತ್ತಿದೆ.

"ನೂರು. ಆಫ್ ಮಾಡಕ್ಕಾ."

"ನೂರಕ್ಕೆಲ್ಲ ಹೆದರ್ತಾರೇನೋ? ನಮ್ಮಪ್ಪ ಹಾಗೆ ಕಲಿಸಿದ್ನಾ ನಿನಗೆ?"

"ನೂರೈದು." ಅವನ ಹಣೆಯಿಂದ ಬೆವರು ಮೂಗಿಗೆ ಇಳಿಯಿತು. ಹೀಟರಿನ ಪೆಟ್ಟಿಗೆಯಿಂದ ಎರಡೂ ಕಾಲು ತೆಗೆದು ಸೀಟಿನ ಮೇಲೆ ಮುದುರಿಕೊಂಡ. ಮೀಸೆ ಹೊತ್ತ ಗಂಡಸು, ಇಲಿ ಕಂಡವರಂತೆ ಕೂತ. ನನಗೆ ಎಷ್ಟು ಹಿತವಾಯಿತೆಂದರೆ ಇನ್ನಷ್ಟು ಒತ್ತಿದೆ.

"ಅಕ್ಕಾ, ನಿನ್ನ ದಮ್ಮಯ್ಯ, ಆಫ್ ಮಾಡು!"

"ಯಾಕೋ? ಹೆಚ್ಚಾದ್ರೆ ತಾನೇ ಹೊರಗೆ ಬಿಡತ್ತೆ. ಮೂವತ್ನಾಲ್ಕು ವರ್ಷದಿಂದ ಬಿಟ್ಕೊಂಡು ಬಂದಿದೆ."

"ಬಿಡಲ್ಲ! ಅದು ಬಿಡಲ್ಲಕ್ಕಾ! ಕ್ಯಾಪೊಳಗೆ ವಾಷರ್ ಇದೆ, ಬಿಡಲ್ಲ! ಇಬ್ಬರೂ ಬೆಂದು ಹೋಗ್ತೀವಿ!"

ಅವನು ಬೆಲ್ಟಿನ ಗುಂಡಿಗೆ ತಡಕಾಡುತ್ತಿರುವಾಗಲೇ ಹಿಂದಿನಿಂದ ಸುಸ್ಸೆಂದು ಹಬೆ ಎದ್ದಿತು. ಒಳ್ಳೆಯ ಕ್ಯಾಪು ತನ್ನ ಕೆಲಸ ತಾನು ಮಾಡಿತ್ತು. ಕೀಲಿ ತಿರುಗಿಸಿ ಎಂಜಿನ್ನು ನಿಲ್ಲಿಸಿದೆ.

ಇನ್‌ಸ್ಪೆಕ್ಟರು ಕಿಟಕಿಗೆ ಬಗ್ಗಿದರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾವು ಕ್ಯಾಪಿನ ಹೆಸರೇ ಎತ್ತಿರಲಿಲ್ವಲ್ಲಪ್ಪ?"

ನಾನು ಅವನ ಕೊರಳಪಟ್ಟಿ ಹಿಡಿದೆ. "ನಮ್ಮನೇ ಅನ್ನ ಉಂಡು ನಮ್ಮನೆ ದೀಪಾನೇ ಆರಿಸಿದೆಯಲ್ಲೋ ಪಾಪಿ! ಹೇಳು!"

"ಸಾಯ್ಲಿ ಅಂತ ಮಾಡ್ಲಿಲ್ಲಕ್ಕಾ." ಅವನು ಅಳುತ್ತಿದ್ದ. "ಹಳೇ ಗಾಡಿಗಳ ಮೆರವಣಿಗೆ ಅನ್ಕೊಂಡಿದ್ದೆ. ಮೆಲ್ಲಗೆ ಹೋಗುವಾಗ ಎಲ್ಲರ ಎದುರಿಗೆ ಹೋಸು ಹಾರ್ಲಿ, ಮೇಸ್ತ್ರಿಗಳ ಮಾನ ಹೋಗ್ಲಿ, ಗಾಡಿ ವಾಪಸ್ ನನ್ನ ಕೈಗೆ ಬರ್ಲಿ ಅಂತ ಅಷ್ಟೇ. ಶನಿವಾರ ಸಂಜೆ ಸಾಹೇಬ್ರ ಶೆಡ್ಡಿನಲ್ಲಿ ಹಾಕಿದೆ. ಮಂಗಳವಾರ ಗಾಡಿ ಎತ್ತೋಕೆ ನನ್ನನ್ನೇ ಕಳ್ಸಿದ್ರು. ಕ್ಯಾಪ್ ತೆಗೆಯೋಣ ಅಂದ್ರೆ ಮುಚ್ಚಳ ಬರ್ಲಿಲ್ಲ. ಭಯಕ್ಕೆ ಕ್ಲಿಪ್ ಸಡಿಲ ಮಾಡ್ದೆ."

"ರೇಸು ಅಂತ ಯಾವಾಗ ಗೊತ್ತಾಯ್ತು?"

"ಭಾನುವಾರ ಬೆಳಿಗ್ಗೆ."

"ಗೊತ್ತಾದ್ಮೇಲೂ ಬಾಯಿ ಮುಚ್ಕೊಂಡಿದ್ದೆ!"

"ಇಲ್ಲ!" ಅವನು ತಲೆ ಎತ್ತಿದ. "ಕೊಲೆಗಾರ ಅನ್ನು, ನಾಯಿ ಅನ್ನು, ಕೇಳ್ಕೋತೀನಿ. ಅದೊಂದು ಮಾತ್ರ ಅನ್ಬೇಡ. ಗಾಡಿ ಆಗ್ಲೇ ಲಾರಿ ಹತ್ತಿ ಹೋಗಿತ್ತು. ರೇಸು ಶುರುವಾಗೋ ಗೆರೆ ಹತ್ರ ನನ್ನನ್ನ ಬಿಡ್ತಿರ್ಲಿಲ್ಲ, ಮೇಸ್ತ್ರಿಗಳಿಗೆ ಪಾಸ್ ಇತ್ತು. ಓಡಿ ಇಲ್ಲಿಗೇ ಬಂದೆ, ಈ ಗೇಟಿಗೆ. ಅವರ ಕಾಲಿಗೆ ಬಿದ್ದು ಎಲ್ಲ ಹೇಳ್ದೆ. ವಾಷರ್ ವಿಷಯ, ಎಲ್ಲ."

ನನ್ನ ಕೈ ಸಡಿಲವಾಯಿತು.

"'ಯಾರು ಓಡಿಸ್ತಾರೆ ಇವತ್ತು?' ಅಂತ ಕೇಳಿದ್ರು. 'ಸಾಹೇಬ್ರೇ' ಅಂದೆ. ಆ ಕುಂಟು ಎಡಗಾಲನ್ನ ಸವರ್ಕೊಂಡ್ರು. ಆಮೇಲೆ 'ಹಾಗಾದ್ರೆ ಬಿಡು. ಯಾರಿಗೂ ಹೇಳ್ಬೇಡ, ಮನೆಗೆ ಹೋಗು' ಅಂದ್ರು."

"ಸುಳ್ಳು!" ಕೆನ್ನೆಗೆ ಬಾರಿಸಿದೆ. ಅವನು ತಡೆಯಲಿಲ್ಲ, ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಸುಳ್ಳು ಹೇಳುವವನ ಮುಖ ನನಗೆ ಗೊತ್ತು. ಇದು ಆ ಮುಖವಲ್ಲ.

ಇನ್‌ಸ್ಪೆಕ್ಟರು ಬರೆಯುತ್ತಿದ್ದರು. ಅಪ್ಪನ ತಲೆಯ ಮೇಲಿನ ಕಲ್ಲು ಇಳಿಸಬೇಕೆಂದು ನಾನೇ ಕರೆಸಿ, ನಾನೇ ಪಕ್ಕದಲ್ಲಿ ನಿಲ್ಲಿಸಿಕೊಂಡ ಮನುಷ್ಯ, ಒಂದಕ್ಷರ ಬಿಡದೆ ಬರೆದುಕೊಂಡರು.

"ನಿಮ್ಮ ತಂದೆಯೋರು ಮೇಲಿದಾರಾ?" ಎಂದರು ಕೊನೆಗೆ.

"ನಾನೇ ಕರ್ಕೊಂಡ್ಬರ್ತೀನಿ."

"ಐದು ನಿಮಿಷ ಅಮ್ಮಾ. ಆಮೇಲೆ ನಾನೇ ಬರಬೇಕಾಗತ್ತೆ."

ಇಕ್ಕಳನನ್ನು ದಾಟಿಕೊಂಡು ಹೊರಗೆ ಬಂದೆ. ಕೋಟು ಸಾಹೇಬರು ಗೋಡೆಗೆ ಒರಗಿ ನಿಂತಿದ್ದರು. ಅವರನ್ನು ಸಾಯಲು ಅಪ್ಪ ಬಿಟ್ಟಿದ್ದ ಎಂಬ ಮಾತು ಕೇಳಿಯೂ ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

*

ವರ್ಕ್‌ಶಾಪಿನ ಮೇಲೆಯೇ ಮನೆ, ಇಪ್ಪತ್ತೆರಡು ಮೆಟ್ಟಿಲು. ಅಪ್ಪ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದ. ಮಡಚಲು ಬಾರದ ಎಡಗಾಲನ್ನು ಉದ್ದಕ್ಕೆ ಚಾಚಿಕೊಂಡಿದ್ದ. ಕಿಟಕಿ ತೆರೆದಿತ್ತು, ಕೆಳಗಿನ ಮಾತೆಲ್ಲ ಕೇಳಿಸಿರಬೇಕು.

"ಇಕ್ಕಳ ಅವತ್ತು ಬಂದಿದ್ನಾ?"

"ಬಂದಿದ್ದ."

"ಹಾಗಾದ್ರೆ ಬಿಡು ಅಂದ್ಯಾ?"

"ಅಂದೆ."

ನಲವತ್ತು ದಿನ ಯಾರನ್ನು ಸುಡಬೇಕೆಂದು ಬೆಂಕಿ ಹೊತ್ತು ತಿರುಗಿದ್ದೆನೋ, ಆ ಮನುಷ್ಯನಿಗೆ ದಿನಾ ಎರಡು ಹೊತ್ತು ನಾನೇ ಊಟ ಬಡಿಸುತ್ತಿದ್ದೆ.

"ನನ್ನಿಂದ ಸತ್ತ ಅಂತ ಬರೆದು ಕೊಟ್ಟೆ," ಎಂದ ಅಪ್ಪ. "ನಿನಗೂ ಬಾಯಿಬಿಟ್ಟು ಹೇಳಿದೆ. ಪೊಲೀಸರು ಕ್ಲಿಪ್ಪು ಅಂದ್ರು, ಸರಿ ಕ್ಲಿಪ್ಪು ಅಂದೆ. ತಪ್ಪಿಗೆ ಯಾವ ಹೆಸರಿಟ್ರೇನು? ನೀನೊಬ್ಬಳೇ ಒಪ್ಪಲಿಲ್ಲ."

"ಯಾಕಪ್ಪಾ? ಸಾಹೇಬ್ರು ಸಾಯೋವಷ್ಟು ಏನು ಮಾಡಿದ್ರು ನಿನಗೆ?"

ಅವನು ಎಡಗಾಲ ಮೇಲೆ ಕೈಯಿಟ್ಟ. "ಈ ಕಾಲು ಮುರಿದಾಗ ಗಾಡಿ ಓಡಿಸ್ತಿದ್ದೋನು ನಾನು ಅಂತ ಎಲ್ಲರೂ ನಂಬಿದಾರೆ. ನೀನೂ ನಂಬಿದೀಯ. ಸ್ಟೀರಿಂಗ್ ಹಿಡಿದಿದ್ದೋನು ಕೋಟು. ಆ ಅಪಘಾತದಲ್ಲಿ ದಾರೀಲಿ ಹೋಗ್ತಿದ್ದವಳೊಬ್ಬಳು ಸತ್ತಳು. ಜೈಲಿಗೆ ಹೋಗಿ ಬಂದಿದ್ದು ನಾನು. ಇಪ್ಪತ್ತಾರು ವರ್ಷ ನುಂಗ್ಕೊಂಡಿದ್ದೆ. ಅವತ್ತು ಬೆಳಿಗ್ಗೆ ಇಕ್ಕಳ ಬಂದು ಹೇಳಿದಾಗ, ಉಪ್ಪು ತಿಂದೋನು ನೀರು ಕುಡೀಲಿ ಅನ್ನಿಸ್ತು. ಅನ್ನಿಸಿದ್ದು ನಿಜ."

"ಅದಕ್ಕೆ ಬಾಯಿ ಮುಚ್ಕೊಂಡು ಕೂತೆ."

"ಕೂತಿದ್ದು ಮೂರು ಗಂಟೆ." ಅಪ್ಪ ನನ್ನ ಕಣ್ಣು ನೋಡಿದ. "ಆಮೇಲೆ ತಡೀಲಾಗ್ಲಿಲ್ಲ. ನಾನು ಅವನಂಥೋನಲ್ಲ ಮಗಳೇ. ಕುಂಟ್ಕೊಂಡು ರೇಸಿನ ಗೆರೆ ತನಕ ಹೋದೆ. ಕೋಟು ಗಾಡೀಲಿ ಕೂತಿದ್ದ. ಕಿವೀಲಿ ಹೇಳಿದೆ: ಕ್ಯಾಪ್ ಕಟ್ಟಿದೆ, ಬಿಡಲ್ಲ, ಗಾಡಿ ಎತ್ತಬೇಡ, ಸಾಯ್ತೀಯ ಅಂತ. ಸರಿ, ನಾನು ನೋಡ್ಕೋತೀನಿ, ನೀನು ಜನ ನಿಲ್ಲೋ ಹಗ್ಗದಾಚೆ ಹೋಗು ಅಂದ. ನಾನು ತಿರುಗಿ ಹಗ್ಗ ದಾಟಿದೆ."

ಕೆಳಗೆ ಗಾಡಿಯ ಹಬೆ ಇನ್ನೂ ಸಣ್ಣಗೆ ಸದ್ದು ಮಾಡುತ್ತಿತ್ತು.

"ದಾಟಿ ತಿರುಗಿ ನೋಡ್ತೀನಿ, ಕೋಟು ಕೆಳಗಿಳಿದು ನಿಂತಿದಾನೆ. ಭುಜ ಹಿಡ್ಕೊಂಡು, ನಗ್ತಾ, ಕೈಗವಸು ಬಿಚ್ಚಿ ನಿನ್ನ ತಮ್ಮನ ಕೈಗೆ ಕೊಡ್ತಾ ಇದಾನೆ. ಕೂಗಿದೆ. ಎಂಜಿನ್ ಸದ್ದಲ್ಲಿ ಯಾರಿಗೆ ಕೇಳಬೇಕು? ಕ್ಯಾಪ್ ಕಟ್ಟಿದ್ದು ನಾನೇ ಅನ್ಕೊಂಡು ನನ್ನ ಮಗನ್ನೇ ಕೂರಿಸಿರಬೇಕು; ಕಿವೀಲಿ ಹೇಳಿದ ಮಾತಿಗೆ ಸಾಕ್ಷಿ ಎಲ್ಲಿದೆ?"

ನಾನು ಕಿಟಕಿಗೆ ಹೋದೆ. ಅಂಗಳದಲ್ಲಿ ಇನ್‌ಸ್ಪೆಕ್ಟರು ಇಕ್ಕಳನ ಕೈಗೆ ಬೇಡಿ ಹಾಕುತ್ತಿದ್ದರು. ಗೇಟಿನ ಹತ್ತಿರ ಕೋಟು ಸಾಹೇಬರು ತಮ್ಮ ಇನ್ನೊಂದು ಕಾರಿನ ಬಾಗಿಲು ತೆರೆದು ಒಳಗೆ ಕೂರುತ್ತಿದ್ದರು.